ಫ್ರೀಮಾಂಟ್ ಮನೆ ಮಾರಿ ಟೆಕ್ಸಾಸ್‌ಗೆ ಬಂದ್ವಿ: ಕ್ಯಾಲಿಫೋರ್ನಿಯಾ ತೆರಿಗೆ, ಫಾರ್ಮ್ 593, ಮತ್ತೆ ಆ 49 ಸಾವಿರ ಡಾಲರ್

ಕ್ಯಾಲಿಫೋರ್ನಿಯಾ ರಾಜ್ಯದ ರೀಫಂಡು ಅಕೌಂಟಿಗೆ ಬಂತು, ಅಲ್ಲಿಗೆ ನಮ್ಮ ಫ್ರೀಮಾಂಟ್ ಮನೆ ಮಾರಾಟದ ತೆರಿಗೆ ವ್ಯವಹಾರ ಪೂರ್ತಿ ಮುಗೀತು. ಮನೆ ಕ್ಲೋಸ್ ಆಗಿದ್ದು, ಅಂದ್ರೆ ದುಡ್ಡು ಕೈ ಬದಲಾಗಿ ಮಾರಾಟ ಮುಗಿದಿದ್ದು, 2024ರ ಸೆಪ್ಟೆಂಬರ್, ರಿಟರ್ನ್ ಹಾಕಿದ್ದು 2025ರ ಏಪ್ರಿಲ್, ಈ ನಡುವೆ ನಿದ್ದೆಗೆಟ್ಟ ರಾತ್ರಿಗಳು ಬೇಕಾದಷ್ಟು. ಬೇ ಏರಿಯಾ ಬಿಟ್ಟು ಆಸ್ಟಿನ್‌ಗೋ ಡಾಲಸ್‌ಗೋ ಹೊರಟಿರೋ ನಮ್ಮ ಕನ್ನಡದವ್ರು ಈಗ ಬಹಳ ಜನ ಇದಾರೆ, ನಾಲ್ಕು ಜನ ಊಟಕ್ಕೆ ಸೇರಿದ್ರೆ ಇದೇ ಮಾತು, "ಇದ್ದ ಮನೆ ಮಾರಿದ್ರೆ 5 ಲಕ್ಷದವರೆಗೆ ಟ್ಯಾಕ್ಸ್ ಇಲ್ವಂತೆ" ಅಂತ ಒಬ್ರು, "ಇಲ್ಲ ರೀ, ರಾಜ್ಯದವ್ರು ಕ್ಲೋಸಿಂಗಲ್ಲೇ ದುಡ್ಡು ಹಿಡ್ಕೊಂಡ್ಬಿಡ್ತಾರೆ" ಅಂತ ಇನ್ನೊಬ್ರು. ಎರಡೂ ಅರ್ಧರ್ಧ ನಿಜ. ವಿನಾಯ್ತಿ ಇದೆ, ಆದ್ರೆ ಅದು ತಾನಾಗೇ ಬಂದು ಮಡಿಲಿಗೆ ಬೀಳಲ್ಲ, ಕ್ಲೋಸಿಂಗ್‌ಗೆ ಮುಂಚೆ ಒಂದು ಫಾರ್ಮಿಗೆ ಸರಿಯಾದ ಜಾಗದಲ್ಲಿ ಟಿಕ್ ಬಿದ್ದಿರ್ಬೇಕು, ಹಳೇ ಬಿಲ್ಲುಗಳು ಕೈಯಲ್ಲಿರ್ಬೇಕು.

ಮೊದ್ಲು ನಿಯಮ ಏನು ಅಂತ ಹೇಳ್ಬಿಡ್ತೀನಿ. ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ತೆರಿಗೆ ಕಾನೂನಲ್ಲಿ ಸೆಕ್ಷನ್ 121 ಅಂತಿದೆ, 1997ರಲ್ಲಿ ಬಂದಿದ್ದು. ಮಾರೋ ದಿನದಿಂದ ಹಿಂದಕ್ಕೆ 5 ವರ್ಷ ಎಣಿಸಿ, ಅದರೊಳಗೆ ಒಟ್ಟು 2 ವರ್ಷ ಆ ಮನೆ ನಿಮ್ಮ ಹೆಸರಲ್ಲಿದ್ದು, ಒಟ್ಟು 2 ವರ್ಷ ನೀವು ಅದರಲ್ಲೇ ವಾಸ ಇದ್ರೆ, ಮಾರಾಟದ ಲಾಭದಲ್ಲಿ ಒಬ್ಬರಿಗೆ 2.5 ಲಕ್ಷ ಡಾಲರ್, ಗಂಡ ಹೆಂಡ್ತಿ ಜಾಯಿಂಟ್ ರಿಟರ್ನ್ ಹಾಕಿದ್ರೆ 5 ಲಕ್ಷ ಡಾಲರ್ ತನಕ ತೆರಿಗೆ ಇಲ್ಲ. ಎರಡು ವರ್ಷ ಒಂದೇ ಸಮ ಇರ್ಬೇಕು ಅಂತೇನಿಲ್ಲ, ಬಿಡಿ ಬಿಡಿ ತಿಂಗಳು ಸೇರ್ಸಿ 24 ಆದ್ರೂ ಸಾಕು. ಹಿಂದಿನ 2 ವರ್ಷದಲ್ಲಿ ಇನ್ನೊಂದು ಮನೆಗೆ ಇದೇ ವಿನಾಯ್ತಿ ತಗೊಂಡಿರ್ಬಾರ್ದು. ಕ್ಯಾಲಿಫೋರ್ನಿಯಾ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಕೂಡ ಇದೇ ವಿನಾಯ್ತಿನ ಒಪ್ಕೊಳ್ಳತ್ತೆ. ಒಂದೇ ತೊಂದ್ರೆ ಅಂದ್ರೆ ಆ 2.5 ಮತ್ತೆ 5 ಲಕ್ಷ 1997ರಿಂದ ಒಂದು ಡಾಲರೂ ಏರಿಲ್ಲ. ಬೇ ಏರಿಯಾದಲ್ಲಿ ಹತ್ತು ಹದಿನೈದು ವರ್ಷ ಮನೆ ಇಟ್ಕೊಂಡವ್ರಿಗೆ ಲಾಭ ಅದನ್ನ ದಾಟಿ ಹೋಗಿರತ್ತೆ. ನಮಗೂ ಹಾಗೇ ಆಯ್ತು. ದಾಟಿದ ಲಾಭಕ್ಕೆ ಫೆಡರಲ್‌ನವ್ರು ಲಾಂಗ್ ಟರ್ಮ್ ಅಂತ ಕಮ್ಮಿ ದರ ಹಾಕ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಆ ಭೇದನೇ ಇಲ್ಲ, ಸಂಬಳಕ್ಕೆ ಯಾವ ದರವೋ ಅದಕ್ಕೂ ಅದೇ ದರ.

ನಾವು ಆ ಮನೆ ತಗೊಂಡಿದ್ದು 2011ರಲ್ಲಿ, 6 ಲಕ್ಷ 40 ಸಾವಿರ ಡಾಲರ್‌ಗೆ. ಆಗ ನಮ್ಮನೆಯವರು ಎಚ್1ಬಿ ಕೆಲ್ಸದ ವೀಸಾ, ನಾನು ಅವರ ಹೆಂಡ್ತಿ ಅಂತ ಎಚ್4 ವೀಸಾ, ನನಗೆ ಇಲ್ಲಿ ಕೆಲ್ಸ ಇಲ್ಲ, ಕ್ರೆಡಿಟ್ ಹಿಸ್ಟರಿ ಇಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರೂ ಇಲ್ಲ, ಹಾಗಾಗಿ ಲೋನೂ ಅವರೊಬ್ಬರ ಹೆಸರಲ್ಲಿ, ಡೀಡೂ, ಅಂದ್ರೆ ಮನೆ ಕ್ರಯಪತ್ರನೂ, ಅವರೊಬ್ಬರ ಹೆಸರಲ್ಲಿ, ನನ್ನ ಪಾಲು ಅವರಿಗೇ ಬಿಟ್ಟೆ ಅನ್ನೋ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್ ಅಂತ ಒಂದಕ್ಕೆ ನನ್ನ ಕೈಲಿ ಸೈನ್ ಹಾಕಿಸ್ಕೊಂಡಿದ್ರು. ಆ ಕಾಲದಲ್ಲಿ ನಮ್ಮ ಹಾಗೆ ಬಂದ ಎಷ್ಟೋ ಮನೆಗಳಲ್ಲಿ ಇದೇ ಕಥೆ. 2024ರ ವಸಂತದಲ್ಲಿ ನಮ್ಮನೆಯವರ ಆಫೀಸು ಆಸ್ಟಿನ್‌ಗೆ ಹೋಗೋದು ಪಕ್ಕಾ ಆಯ್ತು, ಮಗಳ ಸ್ಕೂಲ್ ಮುಗಿಲಿ ಅಂತ ಕಾದು ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಟ್ವಿ. ಮಾರೋದಾ ಬಾಡಿಗೆಗೆ ಕೊಡೋದಾ ಅಂತ ಬಹಳ ದಿನ ಮನೇಲಿ ಚರ್ಚೆ. ನನಗೆ ಮಾರೋಕೆ ಮನ್ಸೇ ಇರ್ಲಿಲ್ಲ, ಮಗಳು ಹುಟ್ಟಿ ಬಂದಿದ್ದು ಆ ಮನೆಗೆ, ಹಿತ್ತಿಲಲ್ಲಿ ನಮ್ಮತ್ತೆ ಹಾಕಿದ್ದ ಕರಿಬೇವಿನ ಗಿಡ ನನ್ನೆತ್ತರ ಆಗಿತ್ತು. ಕೊನೆಗೆ ದೂರದಿಂದ ಬಾಡಿಗೆಮನೆ ನೋಡ್ಕೊಳ್ಳೋ ತ್ರಾಣ ಇಲ್ಲ ಅಂತ ಮಾರೋದು ಅಂತಾಯ್ತು.

ಇಲ್ಲಿ ಒಂದು ಮಾತು, ಬಾಡಿಗೆಗೆ ಕೊಟ್ಟು ಹೋಗೋರಿಗೆ. ಕೊಟ್ರೆ ವಿನಾಯ್ತಿ ಕೂಡ್ಲೇ ಹೋಗಲ್ಲ, ನೀವು ಮನೆ ಬಿಟ್ಟ ಮೇಲೆ 3 ವರ್ಷದೊಳಗೆ ಮಾರಿದ್ರೆ 5ರಲ್ಲಿ 2 ವರ್ಷದ ಲೆಕ್ಕ ಇನ್ನೂ ಕೂಡತ್ತೆ. ಆದ್ರೆ ಬಾಡಿಗೆ ಕಾಲದಲ್ಲಿ ತೋರ್ಸಿದ ಡಿಪ್ರಿಸಿಯೇಷನ್, ಅಂದ್ರೆ ಮನೆ ಸವಕಳಿ ಅಂತ ವರ್ಷ ವರ್ಷ ಬಾಡಿಗೆ ಆದಾಯದಲ್ಲಿ ಕಳೆದಿದ್ದು ಎಷ್ಟೋ ಅಷ್ಟಕ್ಕೆ ತೆರಿಗೆ ಕಟ್ಲೇಬೇಕು, ಅದು ವಿನಾಯ್ತಿಯೊಳಗೆ ಬರಲ್ಲ. ನಮ್ಮ ಸ್ನೇಹಿತರೊಬ್ರು ಕೆಳಗಿನ ರೂಮ್ ಬಾಡಿಗೆಗೆ ಕೊಟ್ಟು ಡಿಪ್ರಿಸಿಯೇಷನ್ ತಗೊಂಡಿದ್ರು, ಅವರಿಗೂ ಅಷ್ಟು ಭಾಗ ತೆರಿಗೆ ಬಂತು. ಇನ್ನು ಮೊದ್ಲು ಬಾಡಿಗೆಗೆ ಕೊಟ್ಟು ಆಮೇಲೆ ಬಂದು ವಾಸ ಮಾಡಿದವ್ರಿಗೆ ಬೇರೆ ಲೆಕ್ಕ, 2009ರಿಂದ ಈಚೆಗಿನ ಆ ಬಾಡಿಗೆ ವರ್ಷಗಳ ಪಾಲಿನ ಲಾಭಕ್ಕೆ ವಿನಾಯ್ತಿ ಸಿಗಲ್ಲ.

ಏಪ್ರಿಲ್‌ನಲ್ಲೇ ಕಾಗದ ಹುಡುಕೋಕೆ ಶುರು ಮಾಡ್ದೆ. ಯಾಕೆ ಅಂದ್ರೆ ಲಾಭ ಅಂದ್ರೆ ಮಾರಿದ ರೇಟಲ್ಲಿ ಕೊಂಡ ರೇಟು ಕಳೆಯೋದು ಅಷ್ಟೇ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ, ಹಾಗಿಲ್ಲ, ಕೊಂಡಾಗ ಕಟ್ಟಿದ ಟೈಟಲ್ ಇನ್ಶೂರೆನ್ಸ್, ರೆಕಾರ್ಡಿಂಗ್ ಫೀ ಇಂಥದ್ದನ್ನ ಕೊಂಡ ಬೆಲೆಗೆ ಸೇರ್ಸಬಹುದು, ಮನೆಗೆ ಹಾಕಿದ ದೊಡ್ಡ ಖರ್ಚು ಅಂದ್ರೆ ಹೊಸ ರೂಫು, ಕಿಚನ್ ಹೊಸದಾಗಿ ಮಾಡಿಸಿದ್ದು, ಕಿಟಕಿ, ಎಸಿ ಇವನ್ನೂ ಸೇರ್ಸಬಹುದು, ಮಾರುವಾಗ ಏಜೆಂಟ್ ಕಮಿಷನ್, ಎಸ್ಕ್ರೋ (ಮಾರೋರು ಕೊಳ್ಳೋರ ನಡುವೆ ದುಡ್ಡು ಕಾಗದ ಇಟ್ಕೊಂಡು ವ್ಯವಹಾರ ಮುಗಿಸೋ ಆಫೀಸು) ಫೀ, ಟ್ರಾನ್ಸ್‌ಫರ್ ಟ್ಯಾಕ್ಸ್ ಇವನ್ನ ಬಂದ ದುಡ್ಡಲ್ಲಿ ಕಳೀಬಹುದು. ಸಣ್ಣ ಪುಟ್ಟ ರಿಪೇರಿ, ಪೇಂಟಿಂಗ್ ಬರಲ್ಲ. ಮಾರೋಕೆ ಮುಂಚೆ ನಾವು ಇಡೀ ಮನೆಗೆ ಪೇಂಟ್ ಮಾಡಿಸಿದ್ದಕ್ಕೆ 6 ಸಾವಿರ ಆಯ್ತು, ಅದು ಲೆಕ್ಕಕ್ಕಿಲ್ಲ. ರೀಫೈನಾನ್ಸ್ ಮಾಡಿದಾಗ ಕಟ್ಟಿದ ಫೀಸೂ ಇಲ್ಲ.

ಕೊಂಡಾಗಿನ ಲೆಕ್ಕಪತ್ರ ಸಿಗೋದು ಕಷ್ಟ ಆಗ್ಲಿಲ್ಲ. 2015ರ ಅಕ್ಟೋಬರ್‌ಗೆ ಮುಂಚೆ ಕೊಂಡವ್ರಿಗೆ ಹಡ್-1 ಅಂತ ಒಂದು ಸೆಟಲ್‌ಮೆಂಟ್ ಸ್ಟೇಟ್‌ಮೆಂಟ್ ಕೊಟ್ಟಿರ್ತಾರೆ, ಆಮೇಲಿನವ್ರಿಗೆ ಕ್ಲೋಸಿಂಗ್ ಡಿಸ್‌ಕ್ಲೋಷರ್. ನಮ್ಮದು ಹಳೇ ಈಮೇಲಲ್ಲೇ ಇತ್ತು. ಕಿಚನ್ ಬಿಲ್ಲಿಂದೇ ಗೋಳು. 2016ರಲ್ಲಿ ಮಾಡಿಸಿದ್ದು, ಆ ಕಂಟ್ರಾಕ್ಟರ್ ಅಂಗಡಿ ಮುಚ್ಕೊಂಡು ಎಲ್ಲಿಗೋ ಹೋಗಿಯಾಗಿತ್ತು, ಫೋನ್ ನಂಬರೂ ಇಲ್ಲ. ನಾನು ಬಿಲ್ಲುಗಳನ್ನೆಲ್ಲ ಒಂದು ದೀಪಾವಳಿ ಸ್ವೀಟ್ ಡಬ್ಬದಲ್ಲಿ ಹಾಕಿಟ್ಟಿದ್ದೆ, ತೆಗೆದು ನೋಡಿದ್ರೆ ಟೈಲ್ಸ್, ಸಿಂಕು, ಲೈಟು ತಗೊಂಡ ಅಂಗಡಿ ರಸೀದಿಗಳು ನುಣ್ಣಗೆ ಬಿಳೀ ಚೀಟಿಗಳಾಗಿವೆ, ಥರ್ಮಲ್ ಪೇಪರ್ ಅಲ್ವಾ, ಮೇಲ್ಗಡೆ ಅಂಗಡಿ ಹೆಸರಿನ ಎರಡಕ್ಷರ ಮಸುಕಾಗಿ ಕಾಣತ್ತೆ, ಕೆಳಗಡೆ ಮೊತ್ತ ಇದ್ದ ಜಾಗದಲ್ಲಿ ಏನೂ ಇಲ್ಲ. ಲೈಟಿಗೆ ಹಿಡಿದೆ, ಫೋನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿ ನೋಡ್ದೆ, ಕೆಲವು ಓದೋಕೆ ಬಂತು, ಹೆಚ್ಚಿನವು ಬರ್ಲಿಲ್ಲ. ಹೊಟ್ಟೆ ಉರಿದುಹೋಯ್ತು. ಕೊನೆಗೆ ಬ್ಯಾಂಕಿನ ಹಳೇ ಸ್ಟೇಟ್‌ಮೆಂಟು, ಕಂಟ್ರಾಕ್ಟರ್‌ಗೆ ಕೊಟ್ಟ ಚೆಕ್ಕುಗಳ ಇಮೇಜು, ಮತ್ತೆ ಸಿಟಿಯವರ ಹತ್ರ ಇದ್ದ ಬಿಲ್ಡಿಂಗ್ ಪರ್ಮಿಟ್ ದಾಖಲೆ, ಈ ಮೂರೂ ಸೇರ್ಸಿ ಒಂದು ಫೈಲ್ ಮಾಡ್ದೆ. ಪರ್ಮಿಟ್ ತಗೊಂಡು ಕೆಲ್ಸ ಮಾಡ್ಸಿದ್ರೆ ಈ ಉಪಯೋಗ ಇದೆ ನೋಡಿ, ಯಾವ ವರ್ಷ ಏನು ಕೆಲ್ಸ ಆಯ್ತು ಅನ್ನೋದಕ್ಕೆ ಸಿಟಿಯವ್ರೇ ಸಾಕ್ಷಿ. ಈಗ ಮನೆ ಇರೋರು ದಯವಿಟ್ಟು ಪ್ರತಿ ರಸೀದಿನೂ ಬಂದ ದಿನವೇ ಸ್ಕ್ಯಾನ್ ಮಾಡಿಡಿ.

ಸೋಲಾರ್ ಹಾಕಿಸಿದವ್ರು ಗಮನಿಸಿ. ನಮ್ಮ ಸೋಲಾರ್ ಸ್ವಂತದ್ದು, ಲೀಸ್ ಅಲ್ಲ, 18 ಸಾವಿರ ಡಾಲರ್ ಆಗಿತ್ತು, ಆದ್ರೆ ಆ ವರ್ಷ ಫೆಡರಲ್‌ನಲ್ಲಿ 30 ಪರ್ಸೆಂಟ್ ಕ್ರೆಡಿಟ್ ತಗೊಂಡಿದ್ವಿ, ಅಂದ್ರೆ 5,400. ಆ ಕ್ರೆಡಿಟ್ ಕಳೆದು ಉಳಿದ 12,600 ಮಾತ್ರ ಸೇರ್ಸೋಕೆ ಆಗೋದು. ಕಿಚನ್ 48 ಸಾವಿರ, ರೂಫು 20 ಸಾವಿರ, ಕಿಟಕಿ ಮತ್ತೆ ಫರ್ನೇಸು 15,400, ಎಲ್ಲ ಕೂಡಿ 96 ಸಾವಿರ ಡಾಲರ್ ಆಯ್ತು.

ಮಿಲ್ಪಿಟಾಸ್‌ನಲ್ಲಿ ನಮಗೆ ಗೊತ್ತಿರೋ ಸಿಪಿಎ, ಅಂದ್ರೆ ನಮ್ಮ ಕಡೆ ಆಡಿಟರ್ ಅಂತಾರಲ್ಲ ಆ ತರದವ್ರು, ಒಬ್ರಿದಾರೆ, ಧಾರವಾಡ ಕಡೆಯವರು, ಅವರ ಹತ್ರ ಈ ಫೈಲ್ ತಗೊಂಡು ಹೋದೆ. ನನಗಿದ್ದ ದೊಡ್ಡ ಭಯ ಡೀಡಲ್ಲಿ ನನ್ನ ಹೆಸರಿಲ್ಲ ಅನ್ನೋದು, ಹಾಗಾದ್ರೆ 2.5 ಲಕ್ಷ ಮಾತ್ರ ಸಿಗೋದಾ ಅಂತ. ಅವರು ಸಮಾಧಾನವಾಗಿ ಹೇಳಿದ್ರು, "ಹಂಗೇನಿಲ್ರಿ ಅಕ್ಕಾರ, ಹೆಸರು ಇಬ್ಬರೊಳಗ ಒಬ್ಬರದ್ದಿದ್ರ ಸಾಕು, ವಾಸ ಮಾತ್ರ ಇಬ್ಬರೂ ಮಾಡಿರಬೇಕು, ಜಾಯಿಂಟ್ ರಿಟರ್ನ್ ಹಾಕಬೇಕು". ಅಷ್ಟು ಕೇಳಿದ ಮೇಲೆ ಎದೆ ಮೇಲಿಂದ ಕಲ್ಲು ಇಳಿದ ಹಾಗಾಯ್ತು. ಎಚ್4ನಲ್ಲಿದ್ದು ಡೀಡಿಂದ ಹೊರಗುಳಿದ ಹೆಣ್ಮಕ್ಕಳು ಇದನ್ನ ನೆನಪಲ್ಲಿಟ್ಕೊಳ್ಳಿ. ವಾಸಕ್ಕೆ ಪುರಾವೆ ಅಂತ ಅವರು ಕೇಳಿ ಇಟ್ಕೊಂಡಿದ್ದು ಡ್ರೈವಿಂಗ್ ಲೈಸೆನ್ಸ್, ಹಳೇ ರಿಟರ್ನ್‌ಗಳಲ್ಲಿನ ವಿಳಾಸ, ಮತ್ತೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಲ್ಲಿ ಹೋಮ್‌ಓನರ್ಸ್ ಎಕ್ಸೆಂಪ್ಷನ್ ಅಂತ 7 ಸಾವಿರ ಡಾಲರ್ ಕಳೆದಿರೋ ಸಾಲು. ಅದು ವಾಸದ ಮನೆಗೆ ಮಾತ್ರ ಸಿಗೋದು, ಹಾಗಾಗಿ ಒಳ್ಳೇ ಪುರಾವೆ.

ಜುಲೈನಲ್ಲಿ ಲಿಸ್ಟ್ ಮಾಡಿದ್ವಿ, ಆಗ ನಾವಾಗ್ಲೇ ಆಸ್ಟಿನ್‌ನಲ್ಲಿ. ಡಿಸ್‌ಕ್ಲೋಷರ್ ಕಾಗದಗಳು, ಟರ್ಮೈಟ್ ರಿಪೋರ್ಟು, ಓಪನ್ ಹೌಸು ಇದೆಲ್ಲ ಎಲ್ಲರಿಗೂ ಗೊತ್ತಿರೋದೇ, ಏಜೆಂಟ್ ನೋಡ್ಕೊಂಡ್ರು. 14 ಲಕ್ಷ 80 ಸಾವಿರಕ್ಕೆ ಒಪ್ಪಂದ ಆಯ್ತು.

ನಿಜವಾದ ಪೇಚಾಟ ಶುರುವಾಗಿದ್ದು ಎಸ್ಕ್ರೋದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರಿದ್ರೆ, ಬೆಲೆ 1 ಲಕ್ಷ ಡಾಲರ್ ದಾಟಿದ್ರೆ, ಮಾರಿದ ಬೆಲೆಯ ಮೂರೂ ಒಂದು ಮೂರಾಂಶ (ಸುಮಾರು 3.33) ಪರ್ಸೆಂಟನ್ನ ಕ್ಲೋಸಿಂಗಲ್ಲೇ ಹಿಡ್ಕೊಂಡು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿಗೆ, ಎಲ್ಲರೂ ಎಫ್‌ಟಿಬಿ ಅಂತಾರಲ್ಲ ಅದಕ್ಕೆ, ಕಳಿಸ್ಬೇಕು ಅಂತ ನಿಯಮ. ಲಾಭದ ಮೇಲಲ್ಲ, ಪೂರ್ತಿ ಬೆಲೆ ಮೇಲೆ. ಇದರಿಂದ ತಪ್ಪಿಸ್ಕೊಳ್ಳೋಕೆ ಫಾರ್ಮ್ 593 ಅಂತಿದೆ, ಅದರಲ್ಲಿ ಇದು ನಾನು ವಾಸ ಇದ್ದ ಮುಖ್ಯ ಮನೆ, ಸೆಕ್ಷನ್ 121ಕ್ಕೆ ಅರ್ಹ ಅಂತ ಒಂದು ಬಾಕ್ಸ್ ಇದೆ, ಅದನ್ನ ಟಿಕ್ ಮಾಡಿ ಕ್ಲೋಸಿಂಗ್ ಒಳಗೆ ಸೈನ್ ಮಾಡಿ ಕೊಟ್ರೆ ಹಿಡಿಯಂಗಿಲ್ಲ. ಸುಳ್ಳು ಬರೆದ್ರೆ ಅಪರಾಧ ಅಂತ ಕೆಳಗೇ ಇರತ್ತೆ, ಅದಕ್ಕೇ ಪುರಾವೆ ಇಟ್ಕೊಂಡು ಸೈನ್ ಹಾಕಿ. ಆನ್‌ಲೈನ್‌ನಲ್ಲಿ ಹುಡುಕಿದ್ರೆ ಇನ್ನೂ 593-ಸಿ, 593-ಇ ಅಂತ ಸಿಗತ್ತೆ, ಅವೆಲ್ಲ ಹಳೇವು, 2020ರಿಂದ ಎಲ್ಲಾ ಸೇರಿ ಒಂದೇ ಫಾರ್ಮ್ 593 ಆಗಿದೆ.

ನಮ್ಮನೆಯವರು ಆ ಫಾರ್ಮಿಗೆ ಸೈನ್ ಹಾಕಿ ಮೊದಲ ಪ್ಯಾಕೆಟ್ ಜೊತೆಗೇ ಕಳಿಸಿದ್ರು. ಕ್ಲೋಸಿಂಗ್ ಹತ್ರ ಬಂತು, ಯಾರಿಗೆ ಎಷ್ಟು ಹೋಗತ್ತೆ ಅನ್ನೋ ಅಂದಾಜು ಲೆಕ್ಕ, ಎಸ್ಟಿಮೇಟೆಡ್ ಸೆಟಲ್‌ಮೆಂಟ್ ಸ್ಟೇಟ್‌ಮೆಂಟ್, ಬಂತು, ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪ್ ತೆಗೆದು ಸಾಲು ಸಾಲು ಓದ್ತಾ ಹೋದೆ. ಲೋನ್ ಪೇಆಫ್ ಸರಿ ಇದೆ, ಕಮಿಷನ್ ಸರಿ ಇದೆ, ಕೌಂಟಿ ಟ್ರಾನ್ಸ್‌ಫರ್ ಟ್ಯಾಕ್ಸ್ ಸಾವಿರಕ್ಕೆ 1.10ರ ಪ್ರಕಾರ 1,628 ಸರಿ ಇದೆ, ಅದರ ಕೆಳಗೆ ಎಫ್‌ಟಿಬಿ ವಿತ್‌ಹೋಲ್ಡಿಂಗ್ ಅಂತ ಒಂದು ಸಾಲು, ಎದುರಿಗೆ 49 ಸಾವಿರ ಚಿಲ್ಲರೆ ಡಾಲರ್. ಕೈ ತಣ್ಣಗಾಯ್ತು. ಆಸ್ಟಿನ್‌ನಲ್ಲಿ ತಗೊಳ್ಳೋ ಮನೆಯ ಡೌನ್ ಪೇಮೆಂಟಿಗೆ ಆ ದುಡ್ಡೇ ನಂಬ್ಕೊಂಡಿದ್ವಿ. ಒಂದ್ಸಲ ಎಫ್‌ಟಿಬಿಗೆ ಹೋಯ್ತು ಅಂದ್ರೆ ಮುಂದಿನ ವರ್ಷ ರಿಟರ್ನ್ ಹಾಕಿ ರೀಫಂಡ್ ಕೇಳೋ ತನಕ ಅದು ಕೈಗೆ ಬರಲ್ಲ.

ಬೆಳಿಗ್ಗೆ ಎಸ್ಕ್ರೋ ಆಫೀಸಿಗೆ ಫೋನ್. ಅಲ್ಲಿನ ಅಸಿಸ್ಟೆಂಟ್ ಹೇಳಿದ್ದು, ನಿಮ್ಮ ಮೇಲಿಂಗ್ ಅಡ್ರೆಸ್ ಟೆಕ್ಸಾಸ್ ಇದೆ, ನೀವು ನಾನ್ ರೆಸಿಡೆಂಟ್, ನಾನ್ ರೆಸಿಡೆಂಟ್‌ಗೆ ಹಿಡೀಲೇಬೇಕು, ನಮ್ಮ ಸಿಸ್ಟಮ್ ಹಾಗೇ ಹಾಕತ್ತೆ ಅಂತ. ಫಾರ್ಮ್ ಕಳಿಸಿದೀವಲ್ಲ ಅಂದ್ರೆ, ಬಂದಿದೆ, ಆದ್ರೆ ಅನ್ವಯ ಆಗಲ್ಲ ಅಂತ. ನಾನು ಎಫ್‌ಟಿಬಿಯ ಸೂಚನೆಗಳನ್ನ ಎದುರಿಗೆ ತೆರೆದಿಟ್ಕೊಂಡಿದ್ದೆ. ಈ ಹಿಡಿಯೋ ನಿಯಮ ಅಲ್ಲೇ ಇರೋರಿಗೂ ಇದೆ, ಹೊರಗೆ ಹೋದವ್ರಿಗೂ ಇದೆ, ಮುಖ್ಯ ಮನೆ ಅನ್ನೋ ವಿನಾಯ್ತಿನೂ ಹಾಗೇ ಇಬ್ಬರಿಗೂ ಇದೆ. ಇವತ್ತು ಎಲ್ಲಿದೀರಿ ಅಂತ ಅದು ಕೇಳಲ್ಲ, ಹಿಂದಿನ 5 ವರ್ಷದಲ್ಲಿ 2 ವರ್ಷ ಅಲ್ಲಿ ಇದ್ರಾ ಅಂತ ಕೇಳತ್ತೆ. ಅದನ್ನೇ ಮೃದುವಾಗಿ ಹೇಳ್ದೆ, ಅವ್ರು ಮ್ಯಾನೇಜರ್‌ನ ಕೇಳ್ತೀನಿ ಅಂದ್ರು, ಆಮೇಲೆ ಸುದ್ದಿನೇ ಇಲ್ಲ. ಆ ಕಾಯೋ ಹೊತ್ತು ಬಹಳ ಕೆಟ್ಟದು, ಕ್ಲೋಸಿಂಗ್ ದಿನ ಮುಂದೆ ನಿಂತಿದೆ, ಕೊಳ್ಳೋರ ಲೋನ್ ಬಡ್ಡಿ ದರದ ಲಾಕ್ ಮುಗಿಯತ್ತೆ, ಜಗಳ ಮಾಡಿದ್ರೆ ಮಾರಾಟನೇ ಕೆಡತ್ತೇನೋ ಅನ್ನೋ ಅಂಜಿಕೆ. ಸಿಪಿಎ ಅವ್ರಿಂದ ಎರಡು ಸಾಲಿನ ಈಮೇಲ್ ಬರೆಸ್ದೆ, ಫಾರ್ಮಿನ ಸೂಚನೆಯ ಆ ಭಾಗಕ್ಕೆ ಗುರುತು ಹಾಕಿ ಲಗತ್ತಿಸ್ದೆ, ನಮ್ಮ ಏಜೆಂಟ್‌ಗೂ ಕಾಪಿ ಹಾಕ್ದೆ. ಆಮೇಲೆ ಮ್ಯಾನೇಜರ್ ಅವ್ರೇ ಫೋನ್ ಮಾಡಿ ಸರಿಪಡಿಸ್ತೀವಿ ಅಂದ್ರು, ಹೊಸ ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲು ಸೊನ್ನೆ ಆಗಿ ಬಂತು. ಅದನ್ನ ಕಣ್ಣಲ್ಲಿ ನೋಡೋ ತನಕ ನಾನು ಸೈನಿಂಗ್‌ಗೆ ಒಪ್ಪಿರ್ಲಿಲ್ಲ. ನೀವೂ ಎಸ್ಟಿಮೇಟೆಡ್ ಸ್ಟೇಟ್‌ಮೆಂಟ್‌ನ ಆದಷ್ಟು ಬೇಗ ಕೇಳಿ ತರಿಸ್ಕೊಳ್ಳಿ, ಕೊನೇ ದಿನ ಬಂದ್ರೆ ತಿದ್ದಿಸೋಕೆ ಸಮಯ ಇರಲ್ಲ.

ಇದರ ಜೊತೆ ಇನ್ನೊಂದು ಕಾಗದ ಬರತ್ತೆ, ನಾನ್ ಫಾರಿನ್ ಅಫಿಡವಿಟ್ ಅಂತ. ವಿದೇಶಿಯರು ಮಾರಿದ್ರೆ ಫೆಡರಲ್‌ನವ್ರು 15 ಪರ್ಸೆಂಟ್ ಹಿಡಿಯೋ ಫಿರ್ಪ್ಟಾ ಅನ್ನೋ ಕಾನೂನಿಗೆ ಸಂಬಂಧಪಟ್ಟಿದ್ದು. ನಮಗೆ ಗ್ರೀನ್ ಕಾರ್ಡ್ ಆಗಿತ್ತು, ಹಾಗಾಗಿ ಪ್ರಶ್ನೆ ಬರ್ಲಿಲ್ಲ. ಎಚ್1ಬಿಯಲ್ಲಿರೋರು ಇಂಡಿಯನ್ ಪಾಸ್‌ಪೋರ್ಟ್ ನೋಡಿ ಹೆದರ್ತಾರೆ, ಆದ್ರೆ ಇಲ್ಲಿ ಪಾಸ್‌ಪೋರ್ಟ್ ಮುಖ್ಯ ಅಲ್ಲ, ತೆರಿಗೆ ಲೆಕ್ಕದಲ್ಲಿ ನೀವು ಅಮೆರಿಕದ ರೆಸಿಡೆಂಟಾ ಅನ್ನೋದು ಮುಖ್ಯ, ವರ್ಷಾನುಗಟ್ಟಲೆ ಇಲ್ಲೇ ಇದ್ದು ಕೆಲ್ಸ ಮಾಡೋ ಎಚ್1ಬಿಯವ್ರು ಸಾಮಾನ್ಯವಾಗಿ ರೆಸಿಡೆಂಟೇ.

ಸೈನಿಂಗ್‌ಗೆ ಆಸ್ಟಿನ್‌ನಲ್ಲಿ ನೋಟರಿ ಮನೆಗೇ ಬಂದ್ರು, 200 ಡಾಲರ್. ಡೀಡಲ್ಲಿ ನನ್ನ ಹೆಸರಿಲ್ಲದಿದ್ರೂ ಮಾಲೀಕತ್ವ ಪರಿಶೀಲಿಸೋ ಟೈಟಲ್ ಕಂಪನಿಯವ್ರು ನನ್ನ ಸೈನೂ ಕೇಳಿದ್ರು, ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದ್ಮೇಲಿನ ಆಸ್ತಿ ಇಬ್ಬರದ್ದೂ ಅಂತ ನೋಡ್ತಾರೆ, ಅದಕ್ಕೆ. ಇದು ಗೊತ್ತಿಲ್ದೆ ಒಬ್ಬರೇ ಇಂಡಿಯಾಕ್ಕೆ ಹೋಗಿದ್ರೆ ಅಲ್ಲಿಂದ ನೋಟರಿ ಸೈನ್ ತರಿಸೋದು ಬಹಳ ಕಷ್ಟ, ಕ್ಲೋಸಿಂಗ್ ಹೊತ್ತಿಗೆ ಇಬ್ಬರೂ ಇಲ್ಲೇ ಇರೋ ಹಾಗೆ ನೋಡ್ಕೊಳ್ಳಿ. ದುಡ್ಡು ಅಕೌಂಟಿಗೆ ಬಂದ ದಿನ ಖುಷಿಗಿಂತ ಮಗಳ ಅಳು ಜಾಸ್ತಿ ಇತ್ತು.

ಇಲ್ಲಿಗೆ ಮುಗೀತು ಅಂತ ಬಹಳ ಜನ ಸುಮ್ನಾಗ್ತಾರೆ. ಸಿಪಿಎ ನನಗೆ ಮೊದಲೇ ಹೇಳಿದ್ರು, "ನೋಡ್ರಿ, ಅವ್ರು ರೊಕ್ಕ ಹಿಡಕೊಳ್ಳಲಿಲ್ಲ ಅಂದ್ರ ಟ್ಯಾಕ್ಸ್ ಇಲ್ಲಂತಲ್ಲ, ಅದು ಬ್ಯಾರೆ ಇದು ಬ್ಯಾರೆ". ನಮ್ಮ ಲೆಕ್ಕ ಹೀಗಿತ್ತು. ಮಾರಿದ್ದು 14,80,000, ಅದರಲ್ಲಿ ಕಮಿಷನ್ ಮತ್ತೆ ಉಳಿದ ಖರ್ಚು ಸುಮಾರು 80 ಸಾವಿರ ಹೋಗಿ 14 ಲಕ್ಷ. ಕೊಂಡಿದ್ದು 6,40,000, ಕೊಂಡಾಗಿನ ಖರ್ಚು 4 ಸಾವಿರ, ಮನೆಗೆ ಹಾಕಿದ್ದು 96 ಸಾವಿರ, ಒಟ್ಟು 7,40,000. ಲಾಭ 6,60,000. ಅದರಲ್ಲಿ 5 ಲಕ್ಷ ವಿನಾಯ್ತಿ, ಉಳಿದ 1 ಲಕ್ಷ 60 ಸಾವಿರಕ್ಕೆ ತೆರಿಗೆ. ಫೆಡರಲ್ 15 ಪರ್ಸೆಂಟ್, ನಮ್ಮ ಆದಾಯದ ಮಟ್ಟಕ್ಕೆ ಅದರ ಮೇಲೆ 3.8 ಪರ್ಸೆಂಟ್ ನೆಟ್ ಇನ್ವೆಸ್ಟ್‌ಮೆಂಟ್ ಟ್ಯಾಕ್ಸು, ಕ್ಯಾಲಿಫೋರ್ನಿಯಾಗೆ 9.3 ಅಂತ ಹಿಡಿದ್ರೆ 14,880. ಆ 96 ಸಾವಿರದ ಪುರಾವೆ ಇಲ್ದಿದ್ರೆ ಇನ್ನೂ ಸುಮಾರು 27 ಸಾವಿರ ಡಾಲರ್ ತೆರಿಗೆ ಜಾಸ್ತಿ ಬರ್ತಿತ್ತು. ಮಾಸಿದ ರಸೀದಿಗಳ ಹಿಂದೆ ಅಷ್ಟು ಕಷ್ಟಪಟ್ಟಿದ್ದು ಅದಕ್ಕೇ.

ಟೆಕ್ಸಾಸ್‌ಗೆ ಬಂದ್ಮೇಲೆ ಕ್ಲೋಸ್ ಮಾಡಿದ್ರೆ ಕ್ಯಾಲಿಫೋರ್ನಿಯಾಗೆ ಏನೂ ಕಟ್ಟೋದಿಲ್ಲ, ಟೆಕ್ಸಾಸ್‌ನಲ್ಲಿ ಇನ್‌ಕಮ್ ಟ್ಯಾಕ್ಸೇ ಇಲ್ವಲ್ಲ ಅಂತ ನಮಗೂ ಒಬ್ರು ಖಂಡಿತವಾಗಿ ಹೇಳಿದ್ರು. ಹಾಗಿಲ್ಲ. ಜಮೀನು ಮನೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ತೆರಿಗೆ ಹಕ್ಕು, ನೀವು ಚಂದ್ರಲೋಕಕ್ಕೆ ಹೋದ್ರೂ ಅಷ್ಟೇ. ವರ್ಷದ ಮಧ್ಯೆ ಬಿಟ್ಟು ಬಂದವ್ರು ಫಾರ್ಮ್ 540ಎನ್‌ಆರ್ ಹಾಕ್ಬೇಕು, ಅದರಲ್ಲಿ ದರ ತೀರ್ಮಾನ ಆಗೋದು ಟೆಕ್ಸಾಸ್ ಸಂಬಳನೂ ಸೇರ್ಸಿ ಇಡೀ ವರ್ಷದ ಆದಾಯದ ಮೇಲೆ, ಆಮೇಲೆ ಆ ದರನ ಕ್ಯಾಲಿಫೋರ್ನಿಯಾ ಪಾಲಿಗೆ ಹಾಕ್ತಾರೆ.

ಇಷ್ಟು ತೆರಿಗೆ ಇದೆ ಅಂತ ಗೊತ್ತಿದ್ದೂ ಏಪ್ರಿಲ್ ತನಕ ಕಾದ್ರೆ ಪೆನಾಲ್ಟಿ ಬೀಳಬಹುದು. ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಬಂದ ಆದಾಯಕ್ಕೆ ಎಸ್ಟಿಮೇಟೆಡ್ ಟ್ಯಾಕ್ಸ್, ಅಂದ್ರೆ ಮುಂಗಡ ತೆರಿಗೆ ಕಟ್ಟೋಕೆ ಕೊನೇ ದಿನ ಜನವರಿ 15. ನಾವು ಅಷ್ಟರೊಳಗೆ ಫೆಡರಲ್‌ಗೆ ಐಆರ್‌ಎಸ್ (ಅಮೆರಿಕದ ಕೇಂದ್ರ ತೆರಿಗೆ ಇಲಾಖೆ) ಡೈರೆಕ್ಟ್ ಪೇನಲ್ಲಿ, ರಾಜ್ಯಕ್ಕೆ ಎಫ್‌ಟಿಬಿ ವೆಬ್ ಪೇನಲ್ಲಿ ಕಟ್ಬಿಟ್ವಿ. ಕ್ಯಾಲಿಫೋರ್ನಿಯಾದ ಕಂತು ಫೆಡರಲ್ ತರ ಸಮ ಭಾಗ ಅಲ್ಲ, 30, 40, 0, 30 ಪರ್ಸೆಂಟ್ ಅಂತ ಇದೆ, ಅಂದ್ರೆ ಮೂರನೇ ಕಂತೇ ಇಲ್ಲ. ವರ್ಷದ ಮೊದ್ಲಲ್ಲೇ ಮಾರೋರಿಗೆ ಜೂನ್ ಕಂತಲ್ಲಿ ದೊಡ್ಡ ಪಾಲು ಬರತ್ತೆ, ನೋಡ್ಕೊಳ್ಳಿ.

ವರ್ಷ ತಿರುಗಿದ ಮೇಲೆ ಎಸ್ಕ್ರೋದಿಂದ ಫಾರ್ಮ್ 1099-ಎಸ್ ಬಂತು, ಅದರಲ್ಲಿ ಪೂರ್ತಿ 14,80,000 ಅಂತ ಇರತ್ತೆ, ಲಾಭ ಎಷ್ಟು ವಿನಾಯ್ತಿ ಎಷ್ಟು ಅಂತ ಏನೂ ಇರಲ್ಲ. ಐಆರ್‌ಎಸ್‌ಗೂ ಅದೇ ಹೋಗತ್ತೆ. ನಿಮ್ಮ ಲಾಭ ಪೂರ್ತಿ ವಿನಾಯ್ತಿಯೊಳಗೇ ಇದ್ರೂ, 1099-ಎಸ್ ಬಂದಿದ್ರೆ ಮಾರಾಟನ ರಿಟರ್ನ್‌ನಲ್ಲಿ ತೋರಿಸ್ಲೇಬೇಕು, ಇಲ್ದಿದ್ರೆ ನೋಟಿಸ್ ಬರತ್ತೆ. ತೋರಿಸೋದು ಫಾರ್ಮ್ 8949ರಲ್ಲಿ, ಎಚ್ ಅನ್ನೋ ಕೋಡ್ ಹಾಕಿ, ವಿನಾಯ್ತಿ ಮೊತ್ತನ ಮೈನಸ್ ಆಗಿ ಬರೀಬೇಕು. ಸಿಪಿಎ ಫೀಸು ಎರಡೂ ರಿಟರ್ನ್ ಸೇರಿ 1,100 ಡಾಲರ್ ಆಯ್ತು. ಲೆಕ್ಕ ಪೂರ್ತಿ ಆದಾಗ ಕ್ಯಾಲಿಫೋರ್ನಿಯಾಗೆ ನಾವು ಕಟ್ಟಿದ್ದು ಸ್ವಲ್ಪ ಹೆಚ್ಚೇ ಆಗಿತ್ತು, ಅದೇ ಈಗ ವಾಪಸ್ ಬಂದಿದ್ದು.

ನಾನು ಇದನ್ನ ಫ್ಯಾಮಿಲಿ ಗುಂಪಲ್ಲಿ ಹೇಳ್ಕೊಂಡಾಗ ಬಂದ ಪ್ರಶ್ನೆಗಳಿಗೂ ಇಲ್ಲೇ ಹೇಳ್ಬಿಡ್ತೀನಿ. ನನ್ನ ಚಿಕ್ಕಮ್ಮನ ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿದಾಳೆ, ಅಲ್ಲಿ ಎಲ್ಲರೂ ಎಕ್ಸಿಟ್ ಟ್ಯಾಕ್ಸ್ ಅಂತ ಹೆದರ್ಸಿದಾರಂತೆ. ಅದು ಬೇರೆ ಹೊಸ ತೆರಿಗೆ ಏನಲ್ಲ, ರಾಜ್ಯ ಬಿಟ್ಟು ಹೋಗೋರಿಂದ ಮುಂಗಡ ಹಿಡಿಯೋದು, ಕಡೇಪಕ್ಷ ಮಾರಿದ ಬೆಲೆಯ 2 ಪರ್ಸೆಂಟ್. ಅಲ್ಲಿ ಜಿಐಟಿ/ಆರ್‌ಇಪಿ-3 ಅನ್ನೋ ಫಾರ್ಮ್‌ನಲ್ಲಿ ಮುಖ್ಯ ಮನೆ ಅನ್ನೋ ಬಾಕ್ಸ್ ಇದೆ, ಅದು ಕ್ಲೋಸಿಂಗ್ ಟೇಬಲ್‌ಗೆ ಹೋಗ್ಬೇಕು.

2 ವರ್ಷ ಆಗೋಕೆ ಮುಂಚೆನೇ ಕೆಲ್ಸ ದೂರದೂರಿಗೆ ಹೋಗಿ ಮಾರ್ಬೇಕಾಗಿ ಬಂದವ್ರು ಕೈ ಚೆಲ್ಲಬೇಡಿ. ಹೊಸ ಕೆಲ್ಸದ ಜಾಗ ಆ ಮನೆಯಿಂದ ಹಳೇದಕ್ಕಿಂತ 50 ಮೈಲಿ ದೂರ ಹೆಚ್ಚಿದ್ರೆ, ಅಥವಾ ಆರೋಗ್ಯದ ಕಾರಣ ಇದ್ರೆ ಭಾಗಶಃ ವಿನಾಯ್ತಿ ಇದೆ. ದಂಪತಿ 1 ವರ್ಷ ಇದ್ದಿದ್ರೆ ಮಿತಿ ಅರ್ಧ, ಅಂದ್ರೆ 2.5 ಲಕ್ಷ. ಅರ್ಧ ಆಗೋದು ಮಿತಿ, ಲಾಭ ಅಲ್ಲ, ಹಾಗಾಗಿ ಹೆಚ್ಚಿನವ್ರಿಗೆ ಪೂರ್ತಿ ಲಾಭ ಅದರೊಳಗೇ ಬಂದುಬಿಡತ್ತೆ.

ಬೆಂಗಳೂರು ಮೈಸೂರಿಗೆ ವಾಪಸ್ ಹೋಗೋ ಯೋಚ್ನೆ ಇರೋರಿಗೆ ನನ್ನ ಸಲಹೆ, ಆಗೋದಾದ್ರೆ ಹೋಗೋಕೆ ಮುಂಚೆನೇ ಮಾರಿ. ಹೋದ್ಮೇಲೆ ಮಾರಿದ್ರೆ ಫಿರ್ಪ್ಟಾದ 15 ಪರ್ಸೆಂಟ್ ಎದುರಿಗೆ ಬರಬಹುದು. ಅಲ್ಲಿ ಆರ್‌ಎನ್‌ಒಆರ್ ಅನ್ನೋ, ವಾಪಸ್ ಹೋದವ್ರಿಗೆ ಮೊದಲಿಗೆ ಸಿಗೋ ರಿಯಾಯ್ತಿ ಅವಧಿ ಮುಗಿದು ಪೂರ್ತಿ ರೆಸಿಡೆಂಟ್ ಆದ್ಮೇಲೆ ಹೊರದೇಶದ ಲಾಭಕ್ಕೂ ಭಾರತದಲ್ಲಿ ತೆರಿಗೆ ಇದೆ, ಅಮೆರಿಕದ ಈ 5 ಲಕ್ಷದ ವಿನಾಯ್ತಿನ ಅಲ್ಲಿ ಲೆಕ್ಕಕ್ಕೆ ತಗೊಳ್ಳಲ್ಲ.

ಕಾಗದಗಳನ್ನ ಮಾತ್ರ ರೀಫಂಡ್ ಬಂತು ಅಂತ ಎಸೀಬೇಡಿ. ಐಆರ್‌ಎಸ್‌ಗೆ ಸಾಮಾನ್ಯವಾಗಿ 3 ವರ್ಷ, ಎಫ್‌ಟಿಬಿಗೆ 4 ವರ್ಷ ಪ್ರಶ್ನೆ ಕೇಳೋ ಅವಕಾಶ ಇರತ್ತೆ, ನಾನು 593ರ ಕಾಪಿ, ಎರಡೂ ಸೆಟಲ್‌ಮೆಂಟ್ ಸ್ಟೇಟ್‌ಮೆಂಟು, ಪರ್ಮಿಟ್ಟು, ಚೆಕ್ ಇಮೇಜು ಎಲ್ಲಾ ಒಂದೇ ಫೋಲ್ಡರಲ್ಲಿ ಹಾಕಿ ನಮ್ಮನೆಯವರ ಲ್ಯಾಪ್‌ಟಾಪಲ್ಲೂ ಒಂದು ಕಾಪಿ ಇಟ್ಟಿದೀನಿ. 593ರಲ್ಲಿ ಯಾವ ಬಾಕ್ಸು ಅಂತ ಗೊಂದಲ ಇರೋರು ಕ್ಲೋಸಿಂಗ್‌ಗೆ ಒಂದೆರಡು ವಾರ ಮುಂಚೆನೇ ಕೇಳಿ, ನನಗೆ ಗೊತ್ತಿದ್ದಷ್ಟು ಹೇಳ್ತೀನಿ.